ನೀವು ಓದದೆ ಬಿಟ್ಟ ಹೆಸರು

ವೈದ್ಯನಾಥಪುರ
೧೪ ಡಿಸೆಂಬರ್ ೨೦೨೫, ಭಾನುವಾರ

ಅಮೃತಳ ಅಪ್ಪನಿಗೆ,

ಕವಿತಳ ನಮಸ್ಕಾರ. ಇಲ್ಲಿ ತವರಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಇದ್ದೇವೆ ಎಂದಷ್ಟೇ ಬರೆಯುತ್ತೇನೆ. ಅಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆ. ನಾನೂ ಮಾಡುತ್ತೇನೆ.

ವರ್ಷದಿಂದ ಫೋನ್ ಎತ್ತದವಳು ಈಗ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ದನಿ ಕೇಳಿದರೆ ಅಳು ಬರುತ್ತದೆ ಎಂದು ಎತ್ತುತ್ತಿರಲಿಲ್ಲ ಎಂದುಕೊಳ್ಳಬೇಡಿ. ಏನೂ ಬರುವುದಿಲ್ಲ. ಆ ಏನೂ ಇಲ್ಲದ್ದು ನಿಮಗೆ ಕೇಳಿಸಿಬಿಡುತ್ತದಲ್ಲ, ಅದಕ್ಕೇ ಎತ್ತುತ್ತಿರಲಿಲ್ಲ.

ಗುರುವಾರ ಲೋಕಸಭೆಯಲ್ಲಿ ನೀವು ನಾಲೆಯ ತಡೆಗೋಡೆ ಬಗ್ಗೆ ಮಾತಾಡಿದ್ದನ್ನು ನೋಡಿದೆ. ನಿನ್ನೆ ಅಮೃತ ಮಂಡ್ಯದ ಹಾಸ್ಟೆಲ್ಲಿನಿಂದ ಬಂದಿದ್ದಳು. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಫೋನ್ ಮುಂದೆ ಹಿಡಿದಳು. ಒಟ್ಟು ಮೂರೂವರೆ ನಿಮಿಷ. ನಿಮ್ಮ ಹಿಂದಿನ ಸಾಲು ಅರ್ಧ ಖಾಲಿ. ಒಬ್ಬರು ಪೇಪರ್ ಓದುತ್ತಿದ್ದರು. ನೀವು ಕನ್ನಡದಲ್ಲೇ ಮಾತಾಡಿದಿರಿ. ನಾಲೆಗೆ ಬಿದ್ದು ಸತ್ತವರ ಹೆಸರು, ಊರು, ವಯಸ್ಸು ಒಂದೊಂದಾಗಿ ಓದಿದಿರಿ. ಆರನೆಯ ಹೆಸರಿಗೆ ಗಂಟೆ ಬಾರಿಸಿದರು. ನೀವು ನಿಲ್ಲಿಸಲಿಲ್ಲ. ಆಡಳಿತ ಪಕ್ಷದ ಕಡೆಯಿಂದ ಯಾರೋ ಇದು ರಾಜ್ಯದ ವಿಷಯ ಎಂದು ಕೂಗಿದರು. ಅದಕ್ಕೆ ನೀವು, ನೀರಿಗೆ ಬೀಳುವವರು ಇದು ಕೇಂದ್ರದ ನಾಲೆಯೋ ರಾಜ್ಯದ ನಾಲೆಯೋ ಎಂದು ವಿಚಾರಿಸಿಕೊಂಡು ಬೀಳುವುದಿಲ್ಲ ಸಭಾಧ್ಯಕ್ಷರೇ ಎಂದಿರಿ. ಅಮೃತ ನಕ್ಕಳು. ಅಪ್ಪ ಚೆನ್ನಾಗಿ ಕೊಟ್ಟರು ಎಂದಳು.

ಹತ್ತನೆಯ ಹೆಸರಾದ ಮೇಲೆ ನೀವು ಕಾಗದ ನೋಡುತ್ತ ಸುಮ್ಮನೆ ನಿಂತಿರಿ. ಇನ್ನೇನೋ ಓದುತ್ತೀರಿ ಅನ್ನಿಸಿತು. ಅಷ್ಟರಲ್ಲಿ ಮೈಕು ನಿಂತಿತು. ನೀವು ಕೂತಿರಿ.

ಅಮೃತ ಕೇಳಿದಳು, ಶಿವು ಮಾಮನ ಹೆಸರು ಯಾಕಮ್ಮ ಹೇಳಲಿಲ್ಲ ಅಂತ. ಟೈಮು ಸಾಲಲಿಲ್ಲವೇನೋ ಎಂದೆ. ಅವಳು ನಂಬಲಿಲ್ಲ. ಹದಿನಾರು ತುಂಬಿದೆ, ಏನು ಹೇಳಿದರೂ ನಂಬುವ ವಯಸ್ಸಲ್ಲ. ಫೋನ್ ತೆಗೆದುಕೊಂಡು ಒಳಗೆ ಹೋದಳು. ನಾನು ಉಳಿದ ಕಾಯಿ ಸುಲಿದು ಮುಗಿಸಿದೆ.

ನೀವು ಓದಿದ ಕ್ರಮ ನನಗೆ ಗೊತ್ತು. ಮೊದಲು ಮದ್ದೂರಿನ ಕಡೆಯವರು, ಆಮೇಲೆ ಮಳವಳ್ಳಿ, ಕೊನೆಗೆ ಬೆಳಕವಾಡಿ. ಅದು ನನ್ನ ತಮ್ಮ ಶಿವರಾಮು ಬೈಕಿನಲ್ಲಿ ಮನೆ ಮನೆ ತಿರುಗಿದ ಕ್ರಮ. ವರ್ಷ ಕಳೆದರೂ ನೀವು ಅದನ್ನು ಬೇರೆ ಹಾಳೆಗೆ ಬರೆಸಿಲ್ಲ ಅನ್ನಿಸಿತು.

ನಿಮ್ಮ ಭಾಷಣಗಳನ್ನು ನಾನು ಕೇಳುವುದೇ ಹೀಗೆ, ಇದು ಯಾರ ಮನೆಯಿಂದ ಬಂದ ಮಾತು ಎಂದು ಹುಡುಕುತ್ತ. ನೀವು ಗೆದ್ದ ಮೊದಲ ವರ್ಷ ನಿಮ್ಮ ಪಕ್ಷದ ದೊಡ್ಡವರೆಲ್ಲ ದೊಡ್ಡ ವಿಷಯ ಮಾತಾಡುತ್ತಿದ್ದರು. ವಿರೋಧ ಪಕ್ಷದ ಹೊಸಬ, ನನಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು, ಏನು ಮಾತಾಡಲಿ ಕವಿತಾ ಎಂದು ಕೇಳಿದ್ದಿರಿ. ಆಗ ಶಿವರಾಮು, ನಮ್ಮ ಜೆರಾಕ್ಸ್ ಅಂಗಡಿಗೆ ಬಂದು ಒಂದು ದಿನ ಕೂತ್ಕಳಿ ಭಾವ, ಎರಡು ವರ್ಷಕ್ಕಾಗುವಷ್ಟು ಸಿಗ್ತದೆ ಎಂದ. ನೀವು ನಿಜವಾಗಿ ಹೋಗಿ ಕೂತಿರಿ. ಮದ್ದೂರಿನ ತಾಲ್ಲೂಕು ಕಚೇರಿ ಎದುರಿಗಿನ ಆ ಅಂಗಡಿಗೆ ಪಿಂಚಣಿ ನಿಂತವರು, ರೇಷನ್ ಕಾರ್ಡಿನಿಂದ ಹೆಸರು ಬಿಟ್ಟುಹೋದವರು ದಿನವೂ ಬರುತ್ತಿದ್ದರು. ಅವನು ಅವರ ಅರ್ಜಿ ಬರೆದುಕೊಡುತ್ತಿದ್ದ. ಸಂಜೆ ನನಗೆ ಹೇಳುತ್ತಿದ್ದ. ನಾನು ನಿಮಗೆ ಬರೆದು ಕೊಡುತ್ತಿದ್ದೆ. ನೀವು ದೆಹಲಿಯಲ್ಲಿ ಎದ್ದು ನಿಲ್ಲುತ್ತಿದ್ದಿರಿ.

ಬೆಳಕವಾಡಿಯ ಪುಟ್ಟಮಾದಯ್ಯನವರ ವಿಷಯ ಹಾಗೇ ಬಂದದ್ದು. ಕಬ್ಬು ಕಡಿದು ಕಡಿದು ಅವರ ಹೆಬ್ಬೆರಳ ಗೆರೆ ಅಳಿಸಿಹೋಗಿ ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ. ನೀವು ಸಭೆಯಲ್ಲಿ, ದುಡಿದು ಸವೆದ ಬೆರಳಿಗೆ ಪಿಂಚಣಿ ಇಲ್ಲ, ಸವೆಯದ ಬೆರಳಿಗೆ ಇದೆ ಎಂದಿರಿ. ಆ ವಾಕ್ಯ ನನ್ನದು. ಸಚಿವರು ಪರಿಶೀಲಿಸುತ್ತೇವೆ ಎಂದರು. ಏಳು ತಿಂಗಳಾದ ಮೇಲೆ ಪಿಂಚಣಿ ಬಂತು. ಬಿಸಿಯೂಟದ ಅಡುಗೆಯವರ ಸಂಬಳದ ಬಗ್ಗೆ ಮಾತಾಡಿದಿರಿ, ಅದು ಏನೂ ಆಗಲಿಲ್ಲ. ಮದ್ದೂರಿನಲ್ಲಿ ಬೆಳಗಿನ ರೈಲು ನಿಲ್ಲಿಸಿ ಎಂದಿರಿ. ಒಂದು ನಿಮಿಷ ನಿಲ್ಲುತ್ತಿದೆ. ನಾವು ಮೂವರೂ ಸೇರಿ ಒಂದು ಕೆಲಸ ಮಾಡುತ್ತಿದ್ದೆವು. ನನ್ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ.

ಈಗ ಹೋದ ಡಿಸೆಂಬರಿನ ಆ ದಿನಕ್ಕೆ ಬರುತ್ತೇನೆ. ಶೂನ್ಯವೇಳೆಯಲ್ಲಿ ನಾಲೆಯ ವಿಷಯ ಎತ್ತಬೇಕು, ನಾಳೆ ಬೆಳಗ್ಗೆಯೇ ಸೂಚನೆ ಕೊಡಬೇಕು, ಇವತ್ತು ಸಂಜೆಯೊಳಗೆ ಹೆಸರುಗಳು ಬೇಕು ಎಂದು ನೀವು ದೆಹಲಿಯಿಂದ ಫೋನ್ ಮಾಡಿದ್ದಿರಿ. ಶಿವರಾಮು ಬೆಳಗ್ಗೆ ಅಂಗಡಿ ಮುಚ್ಚಿ ಹೊರಟ. ಕತ್ತಲಾಗುವ ಹೊತ್ತಿಗೆ ನಾಲೆ ಏರಿಯ ರಸ್ತೆ ಮೇಲೆ ವಾಪಸು ಬರುವಾಗ ಎದುರಿಗೆ ಕಬ್ಬಿನ ಲಾರಿ ಬಂತು. ಪಕ್ಕಕ್ಕೆ ತಗೊಂಡ. ಪಕ್ಕದಲ್ಲಿ ಗೋಡೆ ಇರಲಿಲ್ಲ. ಬೆಳಗ್ಗೆ ಬೈಕು ಸಿಕ್ಕಿತು, ಮಧ್ಯಾಹ್ನ ಅವನು ಸಿಕ್ಕ. ಇಪ್ಪತ್ತೊಂಬತ್ತು ವರ್ಷ.

ನೀವು ಮಾರನೆಯ ದಿನ ವಿಮಾನ ಇಳಿದು ನೇರ ಈ ಮನೆಗೆ ಬಂದಿರಿ. ಊರಿನವರೆಲ್ಲ ಇದ್ದರು, ಟಿವಿಯವರೂ ಇದ್ದರು. ನಾನು ಎದ್ದು ಬಂದು ಅವರೆಲ್ಲರ ಮುಂದೆ, ನಿಮ್ ಪಟ್ಟಿ ತರಾಕೋಗಿ ಸತ್ತ ನನ್ ತಮ್ಮ, ಓದ್ಕಳಿ ಓಗಿ ನಿಮ್ ಪಾರ್ಲಿಮೆಂಟಲ್ಲಿ ಎಂದೆ. ನಿಮ್ಮ ವಿರೋಧಿಗಳು ಆ ತುಣುಕನ್ನು ಎಷ್ಟು ದಿನ ಹಂಚಿದರು ಎಂದು ನನಗೆ ಗೊತ್ತು. ಭಾಮೈದನ ಹೆಣದ ಮೇಲೆ ರಾಜಕೀಯ ಎಂದು ಗೋಡೆಗಳ ಮೇಲೆ ಬರೆದರು. ಆವತ್ತು ನಾನು ಹಾಗೆಂದಾಗ ನೀವು ಜೇಬಿನಿಂದ ಫೋನ್ ತೆಗೆದು ಒಮ್ಮೆ ನೋಡಿ ಮತ್ತೆ ಜೇಬಿಗೆ ಹಾಕಿಕೊಂಡಿರಿ. ಅದನ್ನು ನಾನು ನೋಡಿದೆ.

ಆಗಲೇ ನನಗೆ ತಿಳಿಯಿತು, ನನ್ನ ಮಾತು ಸುಳ್ಳೆಂದು ನಿಮಗೆ ಗೊತ್ತಿದೆ ಎಂದು.

ಆ ದಿನ ಸಂಜೆ ಐದರ ಹೊತ್ತಿಗೆ ಶಿವರಾಮು ಬೆಳಕವಾಡಿಯಿಂದ ನನಗೆ ಫೋನ್ ಮಾಡಿದ್ದ. ಅವನ ಮಾತನ್ನು ಹಾಗೇ ಬರೆಯುತ್ತೇನೆ, ಒಂದಕ್ಷರ ಮರೆತಿಲ್ಲ. "ಅಕ್ಕಾ, ಭಾವಂಗೆ ಪಟ್ಟಿ ಫೋಟೋ ತಗ್ದು ಕಳ್ಸಿವ್ನಿ, ಸಿಕ್ತು ಅಂದ್ರು. ಬೈಕಿನ ಲೈಟು ಸರ್ಯಾಗಿ ಉರೀತಿಲ್ಲ. ಪುಟ್ಟಮಾದಯ್ಯನೋರು ಇಲ್ಲೇ ಉಳ್ಕೋ ಅಂತಾವ್ರೆ. ಉಳ್ಕಂಡು ಬೆಳಗ್ಗೆ ಬತ್ತೀನಿ."

ನಿಮ್ಮ ಕೆಲಸ ಮುಗಿದಿತ್ತು. ಪಟ್ಟಿ ನಿಮ್ಮ ಕೈಸೇರಿತ್ತು. ಅವನು ಆ ರಾತ್ರಿ ಬರಬೇಕಾಗಿರಲಿಲ್ಲ.

ನಾನು ಬರಹೇಳಿದೆ. ಬೆಳಗ್ಗೆ ಅಮ್ಮನನ್ನು ಮಂಡ್ಯಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಬಸ್ಸಿನಲ್ಲಿ ಹೋಗಲು ನನಗೆ ಬೇಜಾರು. ಅಷ್ಟೇ ಕಾರಣ, ಇದಕ್ಕಿಂತ ದೊಡ್ಡದು ಏನೂ ಇರಲಿಲ್ಲ. "ಸುಮ್ನೆ ಬಾರ್ಲಾ, ನಾಳೆ ಅಮ್ಮನ್ನ ಯಾರು ಕರ್ಕಂಡೋಯ್ತಾರೆ? ಬಸ್ಸಲ್ಲಿ ನನ್ ಕೈಲಾಗಾಕಿಲ್ಲ" ಎಂದೆ. ಅವನು, "ಆಯ್ತು ಬುಡು, ಬತ್ತೀನಿ" ಎಂದ.

ಇದನ್ನು ಬರೆಯುವಾಗಲೂ ಅಕ್ಷರ ಎಂದಿನ ಹಾಗೆ ದುಂಡಗೇ ಇದೆ, ನೋಡಿ.

ಆಮೇಲೆ ಪೊಲೀಸರು ಅವನ ಫೋನ್ ಕೊಟ್ಟಾಗ ನೀರು ತುಂಬಿ ಹಾಳಾಗಿತ್ತು. ಹಾಗಾಗಿ ಪಟ್ಟಿ ಯಾವಾಗ ಬಂತು ಎನ್ನುವುದಕ್ಕೆ ಸಾಕ್ಷಿ ನಿಮ್ಮ ಫೋನ್ ಒಂದೇ. ನಾಲ್ಕು ಗಂಟೆ ಚಿಲ್ಲರೆ ಎಂದು ಅದರಲ್ಲಿ ಇದ್ದೇ ಇರುತ್ತದೆ. ಟಿವಿಯವರ ಮುಂದೆ ಹಿಡಿದಿದ್ದರೆ ಸಾಕಿತ್ತು. ಪಕ್ಷದವರು ನಿಮ್ಮನ್ನು ಸ್ಪಷ್ಟನೆ ಕೊಡಿ ಎಂದು ಪೀಡಿಸಿದ್ದನ್ನೂ ಅಮೃತ ಹೇಳಿದಳು. ನೀವು ಕೊಡಲಿಲ್ಲ. ಕೊಟ್ಟಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಹಾಗಾದರೆ ಆ ಹುಡುಗ ಆ ಹೊತ್ತಿನಲ್ಲಿ ಆ ಏರಿ ಮೇಲೆ ಯಾಕಿದ್ದ ಅಂತ. ನಾನು ಬರಹೇಳಿದ್ದು ನಿಮಗೆ ಗೊತ್ತಿತ್ತೋ, ಬರೀ ಊಹೆಯೋ ನನಗೆ ತಿಳಿಯದು. ಗುರುವಾರ ಹನ್ನೊಂದನೆಯ ಹೆಸರು ಓದದೆ ಕೂತದ್ದೂ ಅದಕ್ಕೇ ಎಂದು ನಾನು ತಿಳಿದಿದ್ದೇನೆ. ತಪ್ಪಿದ್ದರೆ ತಿದ್ದಿ.

ಈ ವರ್ಷ ನೀವು ಮೂರು ಸಲ ಈ ಮನೆಯ ಮುಂದೆ ಬಂದಿರಿ. ಅಮ್ಮ ಮೂರು ಸಲವೂ ಬಾಗಿಲು ಹಾಕಿ ಹಿತ್ತಿಲಿಗೆ ಹೋದರು. ನೀವು ಕಾರಿನ ಪಕ್ಕ ಹತ್ತು ನಿಮಿಷ ನಿಂತು ಹೋದಿರಿ. ನಾನು ಕಿಟಕಿಯ ಹಿಂದೆ ಇದ್ದೆ. ಮೂರನೆಯ ಸಲ ನಿಮ್ಮ ಕೂದಲು ಬೆಳ್ಳಗಾಗಿದ್ದು ಕಂಡಿತು. ಬಾಗಿಲು ತೆಗೆಯಲು ಎದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಮೇಲಿಂದ ಒಂದು ಭಾರ ಇಳಿದಿತ್ತು, ನೀವು ಅದನ್ನು ಹೊತ್ತು ಅಲ್ಲಿ ನಿಂತಿದ್ದಿರಿ. ಮತ್ತೆ ನನಗೆ ಅದು ಬೇಡವಾಗಿತ್ತು.

ನನಗೆ ಕ್ಷಮೆ ಕೇಳಲು ಬರುತ್ತಿಲ್ಲ. ಆ ಪದ ಬರೆದು ಎರಡು ಸಲ ಹೊಡೆದುಹಾಕಿದೆ. ಮೇಲಿನ ಸಾಲುಗಳಲ್ಲಿ ಅದು ಎಲ್ಲಾದರೂ ಸಿಕ್ಕರೆ ತೆಗೆದುಕೊಳ್ಳಿ.

ಒಂದು ಕೆಲಸ ಮಾಡಿ. ಮುಂದಿನ ಅಧಿವೇಶನದಲ್ಲಿ ಈ ವಿಷಯ ಮತ್ತೆ ಎತ್ತಿ. ಸಚಿವರು ಉತ್ತರ ಕೊಟ್ಟರೂ ಕೊಡದಿದ್ದರೂ ಎತ್ತಿ. ಆಗ ಹನ್ನೊಂದು ಹೆಸರೂ ಓದಿ. ಯಾಕೆ ಬರುತ್ತಿದ್ದ ಎಂದು ಯಾರಾದರೂ ಕೇಳಿದರೆ, ಅವನ ಅಕ್ಕ ಕರೆದಿದ್ದಳು ಎನ್ನಿ. ಹೆಂಡತಿ ಎಂದು ಮುಚ್ಚಿಡಬೇಡಿ. ಬೇಕಾದರೆ ಭಾಷಣ ನಾನು ಬರೆದು ಕೊಡುತ್ತೇನೆ. ವರ್ಷದಿಂದ ನಿಮ್ಮ ವಾಕ್ಯಗಳು ಉದ್ದವಾಗಿವೆ, ಮಧ್ಯದಲ್ಲಿ ಉಸಿರು ಸಾಲುತ್ತಿಲ್ಲ. ಅದು ಗುರುವಾರವೂ ಗೊತ್ತಾಯಿತು.

ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಿ ಆಮೇಲೆ ಅಂಚೆಗೆ ಹಾಕುತ್ತೇನೆ. ಅವರಿಗೂ ಗೊತ್ತಾಗಲಿ. ಆಮೇಲೆ ನೀವು ಬಂದರೆ ಬಾಗಿಲು ಹಾಕುವುದಿಲ್ಲ.

ದೆಹಲಿಯಲ್ಲಿ ಚಳಿ ಎಂದು ಕೇಳಿದೆ. ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮ
ಕವಿತ

ತಾ.ಕ.: ಸೋಮವಾರ ಬೆಳಗ್ಗೆ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಅಮ್ಮನಿಗೆ ಓದಿದೆ. ಶಿವು ಫೋನ್ ಮಾಡಿದ ಭಾಗದವರೆಗೂ ಸುಮ್ಮನೆ ಕೇಳಿದರು. ನಾನು ಬರಹೇಳಿದ ಕಾರಣ ಓದಿದ ಮೇಲೆ ಬೈಯಲಿಲ್ಲ, ಅಳಲಿಲ್ಲ. ಎರಡೂ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, "ಅಂಗಾರೆ ನನ್ ಕಣ್ಣಿಗೋಸ್ಕರ ಬತ್ತಿದ್ನಾ ಮಗ?" ಎಂದರು. ನಾನು ಯೋಚಿಸಲೇ ಇಲ್ಲ. "ಇಲ್ಲ ಕಣಮ್ಮ, ಅವ್ರೇ ಪಟ್ಟಿ ತಕ್ಕೊಂಡು ಇವತ್ತೇ ಮನೆಗೆ ಬಾ ಅಂದಿದ್ರು. ಗೋಡೆ ಮೇಲೆ ಜನ ಅವರ ಬಗ್ಗೆ ಬರ್ದಿದ್ದು ಜಾಸ್ತಿ ಆಯ್ತು ಅಂತ ತಪ್ಪನ್ನ ನನ್ ಮೇಲೆ ಎಳ್ಕಂಡು ಬರ್ದೆ" ಎಂದೆ. ಅಮ್ಮ ಕೈ ತೆಗೆದರು. "ಅಂಗನ್ನು ಮತ್ತೆ" ಎಂದು ಎದ್ದು ಹೋಗಿ ಒಲೆ ಹಚ್ಚಿದರು. ರಾತ್ರಿ ಎರಡು ಮುದ್ದೆ ಉಂಡರು. ಹೀಗಾಗಿ ಹೆಸರು ಓದಿ, ಆದರೆ ಯಾಕೆ ಬರುತ್ತಿದ್ದ ಎನ್ನುವುದು ಅಮ್ಮ ಇರುವವರೆಗೆ ಬೇಡ. ಈ ಮನೆಯ ಬಾಗಿಲು ನಿಮಗೆ ತೆಗೆಯುವುದಿಲ್ಲ. ಕೇಳಬಾರದ್ದನ್ನು ಕೇಳುತ್ತಿದ್ದೇನೆ, ಗೊತ್ತಿದೆ. ಶನಿವಾರ ನೀವು ಊರಿಗೆ ಬಂದರೆ ಇತ್ತ ಬರಬೇಡಿ. ನಾನು ಹೊಳಲಿಗೆ, ನಮ್ಮ ಮನೆಗೆ ಬರುತ್ತೇನೆ.