ಗೋಡೆಯ ಮೇಲೆ ಮಾತ್ರ ವಾಸಿಯಾದ ನನ್ನ ಅಮ್ಮ

ಆಸ್ಪತ್ರೆಯ ಗಿಡಮೂಲಿಕೆ ಚಿಕಿತ್ಸಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ಬರೆಯದೆ ಬಿಡೋಣ ಅಂದುಕೊಂಡಿದ್ದ ಮಾತನ್ನೇ ಮೊದಲು ಹೇಳಿಬಿಡುತ್ತೇನೆ: ನಿಮ್ಮ ವಿಭಾಗದ ಗೋಡೆಗೆ ಹಾಕಿರುವ ಆ ಫೋಟೋ ನನ್ನ ಅಮ್ಮನಿಗೆ ಬಹಳ ಇಷ್ಟ. ತಲೆಯ ಮೇಲೆ ವಿಗ್ ನೇರವಾಗಿ ಕೂತಿರುವುದು ಅದೊಂದರಲ್ಲೇ ಅಂತೆ. ನನ್ನ ತಕರಾರು ಅದರ ಕೆಳಗಿನ ಸಾಲಿನ ಮೇಲೆ: ‘ಲುವೋ ಸುಚುನ್. ಕಿಮೋಥೆರಪಿಯ ನರನೋವು. ನಮ್ಮ ಚಿಕಿತ್ಸೆಗೆ ಮೊದಲು ಎಂಟು, ಈಗ ಸೊನ್ನೆ.’ ಈ ಸೊನ್ನೆಯನ್ನು ತೋರಿಸಿ ನೀವು ಅವಳ ಚಿಕಿತ್ಸೆ ನಿಲ್ಲಿಸಿದ್ದೀರಿ. ವಾಸಿಯಾದವರಿಗೆ ಔಷಧಿ ಕೊಡುವ ನಿಯಮವಿಲ್ಲವಂತೆ. ವಾಸಿಯಾದ ನನ್ನ ಅಮ್ಮನಿಗೆ ಇವತ್ತು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿದ್ದು ನಾನು.

ಕರುಳಿನ ಕ್ಯಾನ್ಸರಿಗೆ ಕೊಟ್ಟ ಔಷಧಿ ಅವಳನ್ನು ಉಳಿಸಿತು, ಕೈಕಾಲಿನ ನರಗಳನ್ನು ಕೆಡಿಸಿತು. ಮೊದಮೊದಲು ಸೂಜಿ ಚುಚ್ಚಿದ ಹಾಗೆ ಉರಿ. ಆಮೇಲೆ ಉರಿ ಹೋಗಿ ಜೋಮು ಬಂತು, ಬಂದದ್ದು ಹೋಗಲಿಲ್ಲ. ಚೆಂಗ್ಡುವಿನ ಆಸ್ಪತ್ರೆಗೆ ಜೋಮು ಎಂದರೇನೆಂದು ನಾನು ವಿವರಿಸಬೇಕೆ? ಜೋಮಿಗೆ ನಾವು ‘ಮಾ’ ಎನ್ನುತ್ತೇವೆ. ನಮ್ಮ ಅಡುಗೆಯ ಜುಮ್ಮನಕಾಯಿ ನಾಲಿಗೆಗೆ ಕೊಡುವ ಜುಮ್ಮೆನ್ನುವ ರುಚಿಯೂ ‘ಮಾ’. ಮಧ್ಯಾಹ್ನವಿಡೀ ಬಿಲ್ಲೆಗಳನ್ನಿಟ್ಟು ಆಡುವ ಮಾಜಾಂಗ್‌ನ ಮೊದಲ ಅಕ್ಷರವೂ ಅದೇ. ಆ ಒಂದಕ್ಷರದ ಮೇಲೆ ಉಂಡು, ಆಡಿ, ಬದುಕುವ ಊರಿನಲ್ಲಿ ಅದನ್ನು ಕೇಳಿಸಿಕೊಳ್ಳದ ಕೋಣೆ ನಿಮ್ಮದೊಂದೇ. ಆ ಕೋಣೆಯಲ್ಲಿ ನಿಮ್ಮ ನರ್ಸ್‌ಗೂ ಅಮ್ಮನಿಗೂ ನನ್ನೆದುರೇ ನಡೆದ ಮಾತು ಇದು:

“ನೋವು ಎಷ್ಟಿದೆ ಅಜ್ಜಿ? ಸೊನ್ನೆಯಿಂದ ಹತ್ತರೊಳಗೆ ಹೇಳಿ.”

“ನೋವಿಲ್ಲ ಕಣಮ್ಮ, ಜೋಮು.”

“ಜೋಮು ಬೇಡ ಅಜ್ಜಿ, ನೋವು ಹೇಳಿ.”

“ಇಲ್ದೇ ಇರೋದನ್ನ ಎಲ್ಲಿಂದ ತರ್ಲಿ?”

“ಹಾಗಾದ್ರೆ ಸೊನ್ನೆ! ಅಭಿನಂದನೆ ಅಜ್ಜಿ.”

ಅಮ್ಮ ಮರ್ಯಾದಸ್ಥೆ. ಅಭಿನಂದನೆಗೆ ಥ್ಯಾಂಕ್ಸ್ ಹೇಳಿದಳು.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲವೇನೋ. ಆದರೆ ಅಂದೇ, ಕೊನೆಯ ಸಲವೆಂದು, ಕುಸುಬೆ ಹೂವು, ದಾಲ್ಚಿನ್ನಿ ಕಡ್ಡಿ, ಮಾಚಿಪತ್ರೆ, ಜುಮ್ಮನಕಾಯಿ ಹಾಕಿ ಕುದಿಸಿದ ಕಷಾಯದಲ್ಲಿ ಅವಳ ಪಾದ ಇಳಿಸಿದಿರಿ. ನೀರು ಹದವಾಗಿದೆಯೇ ಎಂದು ನಿಮ್ಮವರು ಕೇಳಿದ್ದು ಯಾರನ್ನು? ಜೋಮು ಹಿಡಿದ ಕಾಲಿನವಳನ್ನು! “ಹಾಯಾಗಿದೆ ಕಣಮ್ಮ” ಅಂದಳು ಅಮ್ಮ. ಕುರುಡರನ್ನು ಕೂರಿಸಿ ದೀಪದ ಬೆಳಕು ಸಾಕೇ ಎಂದು ಕೇಳುವುದು ಯಾವ ವಿಭಾಗದ ಕೆಲಸ, ತಿಳಿಸುವಿರಾ? ಪಾದ ಹೊರಗೆ ಬಂದಾಗ ಬೇಯಿಸಿದ ಸೀಗಡಿಯ ಬಣ್ಣದಲ್ಲಿತ್ತು. ಬೊಬ್ಬೆ ಎದ್ದಿತ್ತು. ನೋವು ಎಷ್ಟೆಂದು ಮತ್ತೆ ಕೇಳಿದಿರಿ, ಮತ್ತೆ ಸೊನ್ನೆ. ಕಾಲು ಬೆಂದರೂ ನೋಯದಷ್ಟು ಪರಿಣಾಮಕಾರಿ ಚಿಕಿತ್ಸೆ! ಫೋಟೋ ತೆಗೆದದ್ದು ಆಗಲೇ. ಸೊಂಟದಿಂದ ಮೇಲಕ್ಕೆ.

ನಾನು ನ್ಯಾಯವಾಗಿ ಯೋಚಿಸುತ್ತಿದ್ದೇನೆಯೇ ಎಂದು ನನಗೇ ಅನುಮಾನವಿದೆ. ಮಾತ್ರೆ, ಇಂಜೆಕ್ಷನ್‌ಗಳನ್ನೇ ನಂಬಿ ಬೆಳೆದ ನನಗೆ ಬೇರು, ತೊಗಟೆಗಳ ಮೇಲೆ ಮೊದಲಿನಿಂದಲೂ ನಂಬಿಕೆ ಕಡಿಮೆ. ನಿಮ್ಮ ಕಷಾಯ ಉರಿಯನ್ನು ಇಳಿಸಿತೋ, ನರವೇ ಸುಮ್ಮನಾಯಿತೋ ನನಗೆ ಗೊತ್ತಿಲ್ಲ. ಕ್ಯಾನ್ಸರ್ ವೈದ್ಯರನ್ನು ಕೇಳಿದೆ; ಅವರೂ ಗೊತ್ತಿಲ್ಲ ಎಂದರು, ಸಾಕ್ಷ್ಯ ಸಾಲದು ಎಂದರು. ನಿಮಗೊಬ್ಬರಿಗೇ ಗೊತ್ತು, ಅದೂ ಬಣ್ಣದ ಅಕ್ಷರದಲ್ಲಿ. ನನಗೆ ಗೊತ್ತಿರುವುದು ಇಷ್ಟು: ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟ ದಿನ ಅಮ್ಮ ಗೋಡೆ ಹಿಡಿಯದೆ ಅಡುಗೆಮನೆಯವರೆಗೆ ನಡೆಯುತ್ತಿದ್ದಳು. ಈಗ ಗೋಡೆ ಹಿಡಿಯುತ್ತಾಳೆ.

ಬೆರಳಿನ ವಿಷಯ ಇನ್ನೂ ಕಷ್ಟದ್ದು. ಮಾಜಾಂಗ್ ಬಿಲ್ಲೆಯನ್ನು ಮಗುಚಿ ನೋಡದೆ ಅದರ ಕೆತ್ತನೆಯ ಮೇಲೆ ಹೆಬ್ಬೆರಳು ಸವರಿಯೇ ಯಾವುದೆಂದು ಹೇಳುವುದರಲ್ಲಿ ನಮ್ಮ ಬೀದಿಯಲ್ಲಿ ಅಮ್ಮನಿಗೆ ಸರಿಸಾಟಿ ಇರಲಿಲ್ಲ. ಮೊನ್ನೆ ಒಂದನ್ನು ಸವರಿದಳು, ಇನ್ನೊಮ್ಮೆ ಸವರಿದಳು, “ಎಂಟು ಬಿದಿರು” ಅಂತ ಘೋಷಿಸಿ ಇಟ್ಟಳು. ನೋಡಿದರೆ ಅದು ಒಂದೇ ಒಂದು ದೊಡ್ಡ ವೃತ್ತ ಕೆತ್ತಿದ ‘ಒಂದು ಚಕ್ರ’.

ನಲವತ್ತು ವರ್ಷಗಳಿಂದ ಅಮ್ಮನ ಗೆಳತಿಯಾಗಿರುವ ಪು ಆಂಟಿ, “ಸುಚುನ್, ನಿನ್ನ ಹೆಬ್ಬೆರಳು ಯಾರ ಹತ್ರ ಲಂಚ ತಿಂದಿದೆಯೇ?” ಅಂದರು.

“ಆಸ್ಪತ್ರೆಯವರ ಹತ್ರ ಕಣೇ. ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನತ್ತೆ.”

ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಆಮೇಲೆ ಬಿಲ್ಲೆಗಳನ್ನೆಲ್ಲ ಕಣ್ಣಿನಿಂದ ನೋಡಿಯೇ ಆಡಿದಳು. ಮರುದಿನ ಪು ಆಂಟಿ ಕರೆಯಲು ಬಂದಾಗ, “ಇವತ್ತು ಬಟ್ಟೆ ಒಗೀಬೇಕು” ಅಂದಳು. ಅದರ ಮರುದಿನವೂ ಬಟ್ಟೆ. ನಾವು ಇರುವುದು ಇಬ್ಬರೇ. ಅಷ್ಟು ಬಟ್ಟೆ ಎಲ್ಲಿಂದ ಬರಬೇಕು?

ಆದ್ದರಿಂದ ನನ್ನ ಒತ್ತಾಯ. ಅಮ್ಮನ ಚಿಕಿತ್ಸೆ ಮತ್ತೆ ಶುರು ಮಾಡಿ. ನೀರಿನ ಬಿಸಿಯನ್ನು ಅರಿವಿರುವ ಕೈಯೊಂದು ಮುಟ್ಟಿ ನೋಡಲಿ. ಕೇಳುವುದಾದರೆ ಜೋಮು ಎಷ್ಟೆಂದು ಕೇಳಿ. ಸಂಖ್ಯೆಯೇ ಬೇಡ, ರೋಗಿಯ ಕೈಗೆ ಒಂದು ಮಾಜಾಂಗ್ ಬಿಲ್ಲೆ ಕೊಡಿ, ಯಾವುದೆಂದು ಹೇಳಲಿ. ಚೆಂಗ್ಡುವಿನಲ್ಲಿ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಇಲ್ಲ. ಗುಣವಾಗದಿದ್ದರೆ ಗುಣವಾಗಲಿಲ್ಲ ಎಂದೇ ಬರೆಯಿರಿ, ನಾವು ಜಗಳಕ್ಕೆ ಬರುವುದಿಲ್ಲ. ಗೋಡೆಯಿಂದ ಆ ಸೊನ್ನೆಯನ್ನು ಅಳಿಸಿ.

ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳದೊಂದು ತಿದ್ದುಪಡಿ: “ಸೊನ್ನೆ ತೆಗೀಲಿ, ಫೋಟೋ ಇರ್ಲಿ. ಸೋಮವಾರ ಒಂದು ಪ್ರತಿ ಕೊಡ್ತೀವಿ ಅಂದಿದ್ದಾರೆ. ಅದು ಕೈಗೆ ಬರೋ ತನಕ ನೀನು ಬಾಯಿ ಮುಚ್ಕೊಂಡಿರು.”

ಇಂತಿ,
ನಿಮ್ಮ ವಾಸಿಯಾದ ರೋಗಿಗೆ ಗುಂಡಿ ಹಾಕುವ ಮಗಳು,
ಶಿಯಾಂಗ್ ಲಾನ್

ಅಂಚೆಗೆ ಹಾಕುವ ದಿನ: ಮಂಗಳವಾರ, ನವೆಂಬರ್ ೧೮