‘ಆಚೆ ಸರಿಯೇ’ ಎನ್ನುತ್ತಿದ್ದವಳಿಗೆ

ಇದನ್ನು ನಿನಗೆ ಕಳಿಸುವುದಿಲ್ಲ. ಅದಕ್ಕೇ ಮನಸಾರೆ ಬೈದು ಬರೆಯುತ್ತಿದ್ದೇನೆ.

ಪ್ರೋಗ್ರಾಮಿಂಗ್ ಕಲಿಯಲು ಸಂಜೆ ತರಗತಿಗೆ ಇಬ್ಬರೂ ಒಟ್ಟಿಗೆ ಸೇರಿದವರು. ನಾನು ಬರೆದದ್ದು ಕೆಟ್ಟಾಗಲೆಲ್ಲ ನೀನು, "ಆಚೆ ಸರಿಯೇ, ನಿನ್ನ ಕೈಲಾಗಲ್ಲ" ಎಂದು ಕೀಬೋರ್ಡ್ ಕಿತ್ತುಕೊಳ್ಳುತ್ತಿದ್ದೆ. ಸರಿಮಾಡುತ್ತಿದ್ದೆ, ಹೇಗೆಂದು ಮಾತ್ರ ಹೇಳುತ್ತಿರಲಿಲ್ಲ. ಕೆಲಸ ಸಿಕ್ಕಾಗಲೂ ಹೇಳದೆ ಹೋದವಳು ನೀನು. ನನಗದು ಗೊತ್ತಾದದ್ದು ಮೇಡಂ ಬಾಯಿಂದ.

ಇವತ್ತು ಮೇಡಂ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಸಮಯ ಗೊತ್ತುಮಾಡುವ ಪ್ರೋಗ್ರಾಂ ಬರೆಸಿದರು. ನಾನು ಮೊದಲು ಕಾಗದದ ಮೇಲೆ ಕೆಲಸವನ್ನು ಭಾಗ ಮಾಡಿಕೊಂಡೆ. ರೋಗಿಯ ಹೆಸರು ಕೇಳುವ ಭಾಗ ಬೇರೆ, ಡಾಕ್ಟರ ಬಿಡುವು ಹುಡುಕುವ ಭಾಗ ಬೇರೆ. ನೀನು ಹೋದಮೇಲೆ ಒಬ್ಬಳೇ ತಿಣುಕಿ ಕಲಿತದ್ದು ಇದು. ಬರೆದು ಮುಗಿಸುವಷ್ಟರಲ್ಲಿ ಮೇಡಂ, "ಈಗ ಡಾಕ್ಟರು ಇಬ್ಬರು ಅಂದ್ಕೋ, ಏನ್ಮಾಡ್ತೀಯ?" ಎಂದರು. ಹಿಂದಾಗಿದ್ದರೆ ಎಲ್ಲವನ್ನೂ ಅಳಿಸಿ ಅಳುತ್ತ ಕೂರುತ್ತಿದ್ದೆ. ಈ ಸಲ ಬಿಡುವು ಹುಡುಕುವ ಭಾಗವನ್ನಷ್ಟೇ ಬದಲಿಸಿದೆ. ಉಳಿದದ್ದನ್ನು ಮುಟ್ಟಬೇಕಾಗಲೇ ಇಲ್ಲ.

"ಯಾರು ಹೇಳಿಕೊಟ್ರು, ನಿನ್ನ ಗೆಳತಿಯಾ?" ಎಂದು ಕೇಳಿದರು ಮೇಡಂ.

ಮೈಯೆಲ್ಲ ಉರಿದುಹೋಯಿತು. "ಅವಳು ಹೇಳಿಕೊಡೋಳಲ್ಲ ಮೇಡಂ, ಕಿತ್ಕೊಳ್ಳೋಳು" ಎಂದೆ. ತರಗತಿಯೇ ನಕ್ಕಿತು.

ಮೇಡಂ ಮುಂದಿನ ಸಾಲಿಗೆ ಹೋದರು. ಪರದೆಯ ಮೇಲೆ ಇಬ್ಬರು ಡಾಕ್ಟರ ಸಮಯವೂ ಚೊಕ್ಕಟವಾಗಿ ಮೂಡಿತು. ಪಕ್ಕದ ಕುರ್ಚಿಯತ್ತ ತಿರುಗಿ, "ನೋಡೇ" ಎಂದುಬಿಟ್ಟೆ. ಅಲ್ಲಿ ಹೊಸದಾಗಿ ಸೇರಿದ ಹೆಂಗಸು ಕೂತಿದ್ದರು.

"ಏನಮ್ಮಾ?" ಎಂದರು.

ಏನಿಲ್ಲ ಎಂದೆ. ಅದಕ್ಕೂ ನಿನ್ನ ಮೇಲೇ ಸಿಟ್ಟು ಬಂತು.