ನಡುವೆ ಬಿದ್ದ ಪರದೆ

ಬೇಲೆಕೇರಿ,
೨೧ ಏಪ್ರಿಲ್ ೨೦೨೫

ಪ್ರಿಯ ರಂಜನಾ,

ಹರಿದು ಹಾಕಬೇಡ, ಓದು! ಫೋನಿನಲ್ಲಿ ನನ್ನ ದನಿ ಏರುತ್ತದೆ, ನೀನು ಕಟ್ ಮಾಡುತ್ತೀ. ಅದಕ್ಕೇ ಈ ಕಾಗದ. ಅಬ್ಬರಿಸುವ ತ್ರಾಣವೂ ಈಗ ಉಳಿದಿಲ್ಲ, ಮಾರಾಯ್ತಿ.

ನಿನ್ನ ಅಣ್ಣ ಕಿಶನ ಬಂದು ಹೇಳಿದ. ನಮ್ಮ ವಿನುತಾಳಿಗೆ ರಂಗದ ಮೇಲೆ ಮತ್ತೆ ‘ಅದು’ ಬಂತೆಂದು ಯಾರಿಂದಲೋ ಕೇಳಿದೆಯಂತೆ. ರಜೆ ಮುಗಿಯುವ ಮೊದಲೇ ಹಬ್ಬುವಾಡಕ್ಕೆ, ನಿನ್ನಲ್ಲಿಗೆ, ಕರೆದೊಯ್ಯುತ್ತೀಯಂತೆ. ಇನ್ನು ಈ ಜನ್ಮದಲ್ಲಿ ಅವಳು ಬಣ್ಣ ಹಚ್ಚುವಂತಿಲ್ಲವಂತೆ.

ಅದು ಬಂದಿಲ್ಲ, ರಂಜನಾ.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದು ನೆನಪಿದೆಯಲ್ಲ? ಮೆದುಳಿನ ನಟ್ಟನಡುವೆ ಥಾಲಮಸ್. ಎಚ್ಚರದಲ್ಲಿ ಅಲ್ಲಿಯ ನರಕೋಶಗಳು ಕಣ್ಣು ಕಿವಿ ತಂದದ್ದನ್ನು ಮೇಲಕ್ಕೆ ದಾಟಿಸುತ್ತವೆ. ನಿದ್ದೆಯಲ್ಲಿ ನೆರೆಯ ಕೋಶಗಳು ಅವನ್ನು ಅದುಮುತ್ತವೆ. ಹಿಡಿತ ಸಡಿಲಿದೊಡನೆ ಎಲ್ಲ ಒಟ್ಟಿಗೇ ಸಿಡಿಯುತ್ತವೆ. ಮತ್ತೆ ಅದುಮು, ಮತ್ತೆ ಸಿಡಿ. ಆ ತಾಳ ಇಡೀ ಮೆದುಳಿಗೆ ಹಬ್ಬುತ್ತದೆ. ನಿದ್ದೆಗೆ ಅದು ಬೇಕು. ನಮ್ಮ ಮಗಳಿಗೆ ಅಂಥದೇ ಒಂದು ತಾಳ ಹಾಡುಹಗಲೇ ಹಿಡಿಯುತ್ತಿತ್ತು. ನಾಟಕದ ನಡುವೆ ತಬಲದವನೊಬ್ಬನೇ ಬಾರಿಸುತ್ತ ಉಳಿದ ಹಾಗೆ, ಮಾತೆಲ್ಲ ಬಂದ್! ಕಣ್ಣು ತೆರೆದಿದೆ, ಒಳಗೆ ಯಾರೂ ಇಲ್ಲ. ಮೂರ್ಛೆರೋಗದ್ದೇ ಒಂದು ಬಗೆ ಎಂದರು ಡಾಕ್ಟರು. ಹೋದ ವರ್ಷ ಬಾಲರಾಜಕುಮಾರನಾಗಿ ತಾಯಿಯನ್ನು ಬೀಳ್ಕೊಡುವ ದೃಶ್ಯದಲ್ಲಿ ಅವಳು ಹಾಗೆ ನಿಂತುಬಿಟ್ಟಾಗ ಊರೆಲ್ಲ ಅದನ್ನು ಅಭಿನಯವೆಂದುಕೊಂಡು ಚಪ್ಪಾಳೆ ತಟ್ಟಿತು. ಹಾರ್ಮೋನಿಯಂ ಸೋಮು ಕಣ್ಣೊರೆಸಿಕೊಂಡ.

ಈಗ ಮಾತ್ರೆ ಒಂದೂ ತಪ್ಪಿಸಿಲ್ಲ. ಆದರೆ ಮೊನ್ನೆ, ಅದೇ ದೃಶ್ಯ, ಅದೇ ಮಾತು, ನಿಂತಳು! ಸೋಮು ಶ್ರುತಿ ಹಿಡಿದ. ಜನ ಉಸಿರು ಹಿಡಿದರು. ಹುಟ್ಟಿದಾಗಿನಿಂದ ರಂಗವನ್ನೇ ಉಂಡವನು ನಾನು, ಮಾತಿನ ನಡುವೆ ಪರದೆ ಬಿಟ್ಟೆ!

ಓಡಿ ಹೋಗಿ ನೋಡಿದರೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. “ಅಪ್ಪಾ, ಎಂತಕ್ಕೆ ಪರದೆ ಬಿಟ್ಟದ್ದು? ಜನರಿಗೆ ಅದೇ ಬೇಕಂತೆ, ನಾ ಬೇಕಂತಲೇ ನಿಂತದ್ದು. ನನ್ನ ಪಾರ್ಟು ಹಾಳು ಮಾಡಿದ್ರಿ!” ಸೋಮು ಬೇರೆ ನಗುತ್ತಾನೆ: “ತುಳಸಣ್ಣಾ, ನಿಮ್ಮ ಪಾರ್ಟು ನಡೀವಾಗ ಪರದೆ ಬಿಡುವಾ ಅಂತ ನಂಗೆ ಎಷ್ಟು ಸಲ ಕಂಡದೆ. ಬಿಟ್ಟೆನಾ?”

ನಾನು ನಗಲಿಲ್ಲ. ಬಣ್ಣ ಒರೆಸಿ ಅಲ್ಲೇ ಪೆಟ್ಟಿಗೆಯ ಮೇಲೆ ಕೂತೆ.

ರವಿವಾರ ಮತ್ತೆ ನಾಟಕವಿದೆ. ಅದು ಕಳೆಯುವವರೆಗೆ ಅವಳನ್ನು ಬಿಡು. ಅಷ್ಟೇ ನನ್ನ ಬೇಡಿಕೆ. ಕಾಗದವನ್ನು ಕಿಶನನ ಕೈಯಲ್ಲೇ ಕಳಿಸುತ್ತಿದ್ದೇನೆ.

ಇನ್ನೂ ನಿನ್ನವನೆಂದುಕೊಂಡಿರುವ,
ತುಳಸಿದಾಸ

ತಾ.ಕ.: ಅವಳ ಮಾತನ್ನು ಮೊದಲು ನಾನೂ ನಂಬಲಿಲ್ಲ. ನಿಂತಾಗ ಏನು ಕಂಡೆ ಎಂದು ಕೇಳಿದೆ. ಆ ತಾಳ ಹಿಡಿದರೆ ಅವಳಿಗೆ ಏನೂ ಕಾಣದು, ನಿನಗೆ ಗೊತ್ತು. ಹಿಂದಿನ ಕಂಬದ ಹತ್ತಿರ ಆಯಿ ನಿಂತಿದ್ದಳು, ಹಸಿರು ಸೀರೆ, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು ಎಂದಳು. ರವಿವಾರ ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಇಡಿಸುತ್ತೇನೆ.